ಒಂದೇ ಒಂದು ಕಂದು ಸೀಟು

ಬೆಳಕು ಇನ್ನೂ ಗಾಜಿನ ಮಾಡಿನಿಂದ ಪೂರ್ತಿ ಕೆಳಗಿಳಿದಿಲ್ಲ. ಶಾಸನಸಭೆಯ ದೊಡ್ಡ ಸಭಾಂಗಣದಲ್ಲಿ ಒಬ್ಬರೇ ಒಬ್ಬ ಹೆಂಗಸು ಕೂರುತ್ತಾರೆ, ಏಳುತ್ತಾರೆ, ಪಕ್ಕದ ಸೀಟಿಗೆ ಸರಿದು ಮತ್ತೆ ಕೂರುತ್ತಾರೆ. ಕೂತಾಗಲೆಲ್ಲ ಕಣ್ಣು ಮುಚ್ಚಿ, ಮೈಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸಿ, ಸೀಟಿನೊಳಗಿನ ಸ್ಪ್ರಿಂಗು ಏನು ಹೇಳುತ್ತದೆಂದು ಕಿವಿಗೊಡುತ್ತಾರೆ. ಆಳುವ ಪಕ್ಷದ ಕಡೆಯ ಸೀಟುಗಳಲ್ಲಿ ನಿಧಾನವಾಗಿ, ಊಟ ಮುಗಿಸಿ ಬಂದವರಂತೆ ಮೈಭಾರ ಬಿಟ್ಟು ಕೂರುತ್ತಾರೆ. ನಡುವಿನ ದಾರಿ ದಾಟಿ ಎದುರು ಕಡೆಗೆ ಬಂದ ಮೇಲೆ ವರಸೆಯೇ ಬೇರೆ. ಕೂತರೋ ಇಲ್ಲವೋ ಅನ್ನುವಷ್ಟರಲ್ಲಿ ಚಂಗನೆ ಎದ್ದುಬಿಡುತ್ತಾರೆ. ಮಡಚುವ ಸೀಟು ಹಿಂದಕ್ಕೆ ಹೋಗಿ ‘ಧಡ್’ ಎನ್ನುತ್ತದೆ. ಆ ಸದ್ದು ಖಾಲಿ ಸಭಾಂಗಣವನ್ನೆಲ್ಲ ಒಂದು ಸುತ್ತು ಹಾಕಿಕೊಂಡು ಬರುತ್ತದೆ.

“ಆ ಕಡೆಯೋರು ಕೂರೋದು ಜಾಸ್ತಿ, ಈ ಕಡೆಯೋರು ಏಳೋದು ಜಾಸ್ತಿ,” ಎಂದು ಅವರು ಮುಂದಿನ ಸೀಟಿಗೆ ಸರಿಯುತ್ತಲೇ ವಿವರಿಸುತ್ತಾರೆ. “ಅವರು ಹೆಂಗೆ ಬಳಸ್ತಾರೋ ಹಂಗೇ ನಾನೂ ಬಳಸಿ ನೋಡ್ಬೇಕಲ್ವಾ?”

ಎಲ್ಲರಿಗೂ ಇವರು ಕುಶನ್ ಅಕ್ಕ. ವಯಸ್ಸು ಐವತ್ತು ದಾಟಿದೆ, ಬೆರಳ ತುದಿಗಳು ಗಟ್ಟಿಯಾಗಿ ಗುಂಡಿಯಂತಾಗಿವೆ. ಪ್ರಾಂತ್ಯದ ಶಾಸಕರೆಲ್ಲ ಕೂರುವ ಸೀಟುಗಳಿಗೆ ಸ್ಪ್ರಿಂಗು ಬಿಗಿದು, ನಾರು ತುಂಬಿ, ಫೋಮು ಹಾಸಿ, ಬಟ್ಟೆ ಎಳೆದು ಮೊಳೆ ಹೊಡೆಯುವುದು ಇವರ ಕೆಲಸ. ಚುನಾವಣೆ ಮುಗಿದು ಹೊಸ ಸಭೆ ಸೇರುವವರೆಗಿನ ಕೆಲವೇ ದಿನ ಈ ಸಭಾಂಗಣ ಇವರೊಬ್ಬರದು.

ಫಲಿತಾಂಶ ಓದುಗರಿಗೆ ಗೊತ್ತಿರುವುದೇ. ಬಹುಕಾಲದಿಂದ ಆಳುತ್ತಿರುವ ಪಕ್ಷವೇ ಮತ್ತೆ ಬಂದಿದೆ. ಬಂದದ್ದೂ ಎಂಥ ಬರುವಿಕೆ! ಒಂದು ಸ್ಥಾನ ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಬಾಚಿಕೊಂಡಿದೆ. ಊರಿನಲ್ಲಿ ಮಧ್ಯಾಹ್ನದವರೆಗೆ ಒಂದಿಷ್ಟು ಹಾರನ್ ಸದ್ದು, ಒಂದಿಷ್ಟು ಬಣ್ಣದ ಕಾಗದದ ಚೂರು. ಸಂಜೆಗೆ ಅಂಗಡಿಗಳೆಲ್ಲ ಎಂದಿನಂತೆ ತೆರೆದಿದ್ದವು. ಗೆಲ್ಲುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಇಷ್ಟೊಂದು ಗೆಲ್ಲುತ್ತಾರೆಂದು ಮಾತ್ರ ಕುಶನ್ ಅಕ್ಕನಿಗೆ ಗೊತ್ತಿರಲಿಲ್ಲ.

ಇದರಿಂದ ಅವರಿಗೇನಾಗಬೇಕು ಅನ್ನಿಸಬಹುದು. ಆಗಬೇಕಾದದ್ದು ಬಹಳ ಇದೆ. ಈ ಸಭೆಯಲ್ಲಿ ಆಳುವ ಕಡೆಯ ಸೀಟಿಗೆ ಹಸಿರು ಬಟ್ಟೆ, ಎದುರು ಕಡೆಗೆ ಕಂದು. ಫಲಿತಾಂಶಕ್ಕೂ ಅಧಿವೇಶನಕ್ಕೂ ನಡುವೆ ಸಮಯ ಸಾಲದು. ಹಾಗಾಗಿ ಹಳೆಯ ಅಂದಾಜಿನ ಮೇಲೆ ಮೊದಲೇ ಬಟ್ಟೆ ಕತ್ತರಿಸಿಟ್ಟುಕೊಳ್ಳುವುದು ರೂಢಿ. ಪ್ರತಿ ಸಲ ಮೂರರಲ್ಲಿ ಒಂದು ಪಾಲು ಕಂದು ಬೇಕಾಗುತ್ತಿತ್ತು, ಈ ಸಲವೂ ಹಾಗೇ ಕತ್ತರಿಸಿದರು. “ಟಿವಿ ಮುಂದೆ ಕೂತಿದ್ದ ನಮ್ಮ ಯಜಮಾನ್ರು, ‘ಲೇ, ನಿನ್ನ ಕಂದು ಬಟ್ಟೆ ಮುಳುಗ್ತು ಕಣೇ!’ ಅಂತ ಕೂಗಿದ್ರು. ನಾನು ವೋಟು ಹಾಕಿದ ಪಕ್ಷವೇ ಗೆಲ್ತಾ ಇದೆ, ನಾನು ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ದೀನಿ. ಪಕ್ಕದ ಮನೆಯೋರು ಬಂದು ಸಮಾಧಾನ ಬೇರೆ ಮಾಡಿದ್ರು, ಎದುರು ಪಕ್ಷದೋಳು ಅಂದ್ಕೊಂಡು.”

ಗೆದ್ದವರು ಆಳುವ ಕಡೆ ತುಂಬಿ ತುಳುಕಿ ಎದುರು ಕಡೆಗೂ ಹರಿದಿದ್ದಾರೆ. ಅಲ್ಲಿರುವ ಕಂದು ಸೀಟುಗಳಲ್ಲೇ ಕೂತುಕೊಳ್ಳಲಿ ಎಂದರೆ ಯಾರೂ ಒಪ್ಪುವುದಿಲ್ಲ. ಕಂದು ಸೀಟಲ್ಲಿ ಕೂತವನು ಮುಂದಿನ ಸಲ ಸೋಲುತ್ತಾನೆ ಅನ್ನುವ ಭಯ ಈ ಕಟ್ಟಡದಲ್ಲಿ ಗೋಡೆಗಳಷ್ಟೇ ಹಳೆಯದು. ಮೊದಲ ಸಲ ಗೆದ್ದ ತರುಣ ಶಾಸಕರು ಒಬ್ಬೊಬ್ಬರೇ ಕಾರ್ಯಾಗಾರದ ಬಾಗಿಲಿಗೆ ಬಂದು, ಹಿಂದೆ ಮುಂದೆ ನೋಡಿ, “ಅಕ್ಕಾ, ನಂದು ಹಸಿರು ತಾನೆ?” ಎಂದು ಪಿಸುಗುಟ್ಟಿ ಹೋಗುತ್ತಾರೆ.

ಹಸಿರು ಬಟ್ಟೆ ಅಷ್ಟಿಲ್ಲ. ಹೊಸದು ತರಿಸಲು ದಿನ ಸಾಲದು. ಅಕ್ಕ ಹಳೆಯ ಹಸಿರು ಹೊದಿಕೆಗಳನ್ನು ಬಿಚ್ಚಿ, ಒಗೆದು, ಮಗುಚಿ ಹೊಲಿಯುತ್ತಿದ್ದಾರೆ. ಒಳಮೈ ಬಿಸಿಲು ಕಂಡಿಲ್ಲವಾದ್ದರಿಂದ ಹೊಸದರಂತೆಯೇ ಮಿಂಚುತ್ತದೆ. ಇದನ್ನು ಪತ್ರಿಕೆಯಲ್ಲಿ ಬರೆಯಬಹುದೇ ಎಂದು ನಾನು ಕೇಳಿದರೆ ಒಂದು ಗಳಿಗೆ ಯೋಚಿಸಿ ನಗುತ್ತಾರೆ. “ಬರೀರಿ ಬಿಡಿ. ಕೂತ ಮೇಲೆ ಯಾರ ಕೆಳಗೆ ಯಾವ ಬಟ್ಟೆ ಇದೆ ಅಂತ ಯಾರಿಗೆ ಕಾಣುತ್ತೆ?”

ಕಾರ್ಯಾಗಾರ ಇರುವುದು ಕಟ್ಟಡದ ಹಿಂಬದಿಯಲ್ಲಿ, ಬಾಯ್ಲರಿನ ಪಕ್ಕದ ಉದ್ದ ಕೋಣೆಯಲ್ಲಿ. ಕಿಟಕಿ ಒಂದೇ. ನಾರಿನ ಧೂಳು ಬೆಳಕಿನಲ್ಲಿ ತೇಲುತ್ತಿರುತ್ತದೆ. ಮೇಜಿನ ಮೇಲೆ ಸೀಟಿನ ಚೌಕಟ್ಟು ಮಗುಚಿಟ್ಟು, ಬಾಯಿಗೆ ಹಿಡಿ ಸಣ್ಣ ಮೊಳೆ ಹಾಕಿಕೊಂಡು, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು, ಎಡಗೈಯಲ್ಲಿ ಬಟ್ಟೆ ಎಳೆದು ಬಲಗೈಯಲ್ಲಿ ಟಕ್, ಟಕ್ ಎಂದು ಹೊಡೆಯುತ್ತಾರೆ. ಆಗ ಮಾತಿಲ್ಲ. ಏನು ಕೇಳಿದರೂ “ಹೂಂ”, ಇಲ್ಲವೇ “ಊಹೂಂ”. ದುರಸ್ತಿ ವಿಭಾಗದ ಸೂಪರ್‌ವೈಸರ್ ಇದರ ಲಾಭ ಪಡೆಯುವುದನ್ನು ಎಂದೋ ಕಲಿತಿದ್ದಾರೆ. ಬೇಡವಾದ ಕೆಲಸ ಹೇಳುವುದಿದ್ದರೆ ಅಕ್ಕನ ಬಾಯಿ ತುಂಬ ಮೊಳೆ ಇರುವ ಹೊತ್ತು ನೋಡಿಯೇ ಬರುತ್ತಾರೆ.

ಈ ಕೆಲಸ ಮೊದಲು ಅಕ್ಕನ ಯಜಮಾನರದು. ಅಕ್ಕ ಮನೆಯಲ್ಲಿ ಮಕ್ಕಳ ಬಟ್ಟೆ ಹೊಲಿದುಕೊಂಡಿದ್ದರು. ಒಂದು ಬೆಳಿಗ್ಗೆ ಯಜಮಾನರ ಬಲಗೈಯಿಂದ ಸುತ್ತಿಗೆ ಜಾರಿ ಬಿತ್ತು. ಆ ಕೈಗೆ ಮತ್ತೆ ಹಿಡಿತ ಬರಲಿಲ್ಲ. ನಾಲ್ಕು ದಿನದ ಮಟ್ಟಿಗೆಂದು ಅಕ್ಕ ಬಂದರು. ಅವರು ಮೊದಲು ಕಟ್ಟಿದ ಸೀಟು ಒಂದು ಕಡೆ ವಾಲಿಕೊಂಡಿತ್ತಂತೆ. ಅದರಲ್ಲಿ ಕೂತ ಶಾಸಕರು ದಿನವಿಡೀ ಪಕ್ಕದವರ ಭುಜಕ್ಕೆ ಒರಗಿಕೊಂಡೇ ಇದ್ದದ್ದನ್ನು ನೋಡಿ ಮಾತು ಬಿಟ್ಟಿದ್ದ ಅವರಿಬ್ಬರ ನಡುವೆ ರಾಜಿಯಾಯಿತೆಂದು ಸುದ್ದಿ ಹಬ್ಬಿತ್ತು. ಸಂಜೆ ಮನೆಗೆ ಹೋದರೆ ಯಜಮಾನರು ಹಾಸಿಗೆಯ ಮೇಲೆ ದಿಂಬು ಇಟ್ಟುಕೊಂಡು, ಎಡಗೈಯಲ್ಲಿ ಮೂಲೆ ಮಡಚುವುದು ಹೇಗೆಂದು ತೋರಿಸುತ್ತಿದ್ದರು. ಆ ವರ್ಷಗಳು ಸುಲಭದವಲ್ಲ. ಗುತ್ತಿಗೆದಾರ ಅಕ್ಕನನ್ನು ಕಂಡಾಗಲೆಲ್ಲ ಅವರ ಹಿಂದೆ ಗಂಡಸು ಯಾರಾದರೂ ಬರುತ್ತಿದ್ದಾರೇನೋ ಎಂದು ಕತ್ತು ಚಾಚುತ್ತಿದ್ದ.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಈಗ ಯಜಮಾನರದೇ ಅಡುಗೆ. ಬಟ್ಟೆ ಕತ್ತರಿಸುವ ಹಲಗೆಯೇ ಊಟದ ಮೇಜು. “ಮೊದಮೊದಲು ಸೂಜಿ ಚುಚ್ಕೊಂಡ್ರೆ ಅಳ್ತಾ ಬರೋಳು,” ಎಂದು ಚಹಾ ಮುಂದಿಡುತ್ತಾ ಅವರು ಹೇಳುತ್ತಾರೆ. “ಈಗ ನಾನು ಹಿಂದೆ ಕಟ್ಟಿದ ಸೀಟು ಬಿಚ್ಚಿ, ‘ರೀ, ಇದ್ಯಾವ ಕುರುಡ ಹೊಲಿದಿದ್ದು?’ ಅಂತಾಳೆ. ನಾನು, ಯಾರೋ ಏನೋಪ್ಪ ಅಂತೀನಿ.”

“ಗೊತ್ತಿದ್ದೇ ಕೇಳೋದು,” ಎಂದು ಒಳಗಿನಿಂದ ಅಕ್ಕನ ದನಿ.

ಹೀಗೆ ನಗುನಗುತ್ತಾ ಸಾಗಿದ್ದ ವಾರದ ನಡುವೆ ಸೂಪರ್‌ವೈಸರ್ ಕಾರ್ಯಾಗಾರಕ್ಕೆ ಬರುತ್ತಾರೆ. ಅಕ್ಕನ ಬಾಯಿ ತುಂಬ ಮೊಳೆ. ಯಾರ ಸೀಟು ಎಲ್ಲಿ ಎನ್ನುವ ನಕ್ಷೆ ಮೇಲಿನಿಂದ ಬಂದಿದೆ. ಎದುರು ಪಕ್ಷದಿಂದ ಗೆದ್ದ ಒಬ್ಬರೇ ಒಬ್ಬರು, ನಿವೃತ್ತ ಶಾಲಾ ಶಿಕ್ಷಕಿ. ಎಲ್ಲರೂ ಕರೆಯುವುದು ಟೀಚರಮ್ಮ ಎಂದು. ಅವರಿಗೆ ಕೊನೆಯ ಸಾಲಿನ ಮೂಲೆ. ಅಲ್ಲೊಂದು ಕಂದು ಸೀಟು ಹಾಕಿದರೆ ಆಯಿತು.

ಟಕ್ ಟಕ್ ನಿಲ್ಲುತ್ತದೆ. ಅಕ್ಕ ಅಂಗೈ ಒಡ್ಡಿ ಮೊಳೆಗಳನ್ನು ಒಂದೊಂದಾಗಿ ಉಗುಳುತ್ತಾರೆ. ಸೂಪರ್‌ವೈಸರ್ ಮುಖ ಸಣ್ಣಗಾಗುತ್ತದೆ, ಹೀಗೆಂದೂ ಆದದ್ದಿಲ್ಲ.

“ಸಾರ್, ಅದು ಕಂಬದ ಹಿಂದೆ. ಅಲ್ಲಿಂದ ಸಭಾಧ್ಯಕ್ಷರು ಕಾಣಲ್ಲ.”

“ಕಾಣದಿದ್ರೆ ಏನಕ್ಕಾ, ಕೇಳಿಸುತ್ತಲ್ಲ.”

“ಅವರಿಗೆ ಇವರು ಕಾಣ್ಬೇಕಲ್ಲ ಸಾರ್.”

ವಿಷಯ ಇಷ್ಟೇ. ಈ ಸಭೆಯಲ್ಲಿ ಮಾತನಾಡಬೇಕಾದವರು ತಮ್ಮ ಸೀಟಿನಲ್ಲೇ ಎದ್ದು ನಿಲ್ಲಬೇಕು. ಸಭಾಧ್ಯಕ್ಷರು ಕಂಡು, ಕರೆದರೆ ಮಾತು, ಕಾಣದಿದ್ದರೆ ಇಲ್ಲ. ಕಂಬದ ಹಿಂದೆ ಎದ್ದು ನಿಂತವರನ್ನು ಕರೆಯುವವರಿಲ್ಲ. ಹಿಂದೆಲ್ಲ ಅಲ್ಲಿ ಕೂತವರ ಬದಲು ಅವರ ಪಕ್ಷದ ಬೇರೆ ಯಾರಾದರೂ ಎದ್ದು ಮಾತಾಡುತ್ತಿದ್ದರು. ಟೀಚರಮ್ಮನ ಪಕ್ಷದಲ್ಲಿ ಬೇರೆ ಯಾರೂ ಇಲ್ಲ. ಇದರಲ್ಲಿ ಯಾರದೂ ಕೆಟ್ಟ ಬುದ್ಧಿ ಇದ್ದಂತಿಲ್ಲ. ಗೆದ್ದವರನ್ನು ಮುಂದಿನಿಂದ ಸಾಲಾಗಿ ಕೂರಿಸುತ್ತಾ ಬಂದರು, ಕೊನೆಗೆ ಉಳಿದದ್ದು ಆ ಮೂಲೆ.

“ನಮಗ್ಯಾಕೆ ಅಕ್ಕಾ ಇದೆಲ್ಲ? ಸೀಟು ಹೊಲಿಯೋದು ನಮ್ಮ ಕೆಲಸ. ಮೇಲೆ ಹೋಗಿ ಬಾಯಿ ಹಾಕಿದ್ರೆ ನಿಮ್ಮ ಗುತ್ತಿಗೆ ಇರುತ್ತಾ?” ಎನ್ನುತ್ತಾರೆ ಸೂಪರ್‌ವೈಸರ್. ಗದರಿಕೆಯಲ್ಲ; ನಿಜಕ್ಕೂ ಹೆದರಿದ್ದಾರೆ.

ಆ ಸಂಜೆ ಕಂದು ಬಟ್ಟೆಯ ಸುರುಳಿ ಹಾಗೇ ಮೇಜಿನ ಮೇಲಿರುತ್ತದೆ. ಟೀಚರಮ್ಮನಿಗೆ ವೋಟು ಹಾಕದವರಿಗೆ ಅವರ ಚಿಂತೆ ಯಾಕೆ ಎಂದು ಕೇಳುವಷ್ಟು ಧೈರ್ಯ ನನಗಿಲ್ಲ. ಆದರೂ ನನ್ನ ಮುಖ ನೋಡಿ ಅವರೇ ಹೇಳುತ್ತಾರೆ. “ನೀರು ಬರ್ತಾ ಇದೆ, ಬಸ್ಸು ಬರ್ತಾ ಇದೆ, ನಮ್ಮ ಬೀದಿಗೆ ದೀಪ ಬಂತು. ಅದಕ್ಕೇ ಇವರಿಗೆ ಹಾಕ್ತೀನಿ. ನಾಳೆಯೂ ಹಾಕ್ತೀನಿ. ಆದ್ರೆ ಆಯಮ್ಮ ಮಾತಾಡೋಕೆ ಅಂತಲೇ ಬರ್ತಿರೋರು. ಕಾಣದ ಜಾಗದಲ್ಲಿ ಕೂರಿಸೋದಾದ್ರೆ ನಾನು ಸೀಟು ಹೊಲಿಯೋದು ಯಾವ ಸುಖಕ್ಕೆ?”

ಮರುದಿನ ಅಳತೆಗೆ ಬರುವವರನ್ನು ಎಲ್ಲರೂ ಕರೆಯುವುದು ದೊಡ್ಡಪ್ಪ ಎಂದು. ಆಳುವ ಪಕ್ಷದ ಅತಿ ಹಿರಿಯ ಶಾಸಕ, ಎಷ್ಟನೇ ಸಲದ ಗೆಲುವೆಂದು ಅವರಿಗೇ ನೆನಪಿಲ್ಲ. ಬೆನ್ನುನೋವಿನವರಾದ್ದರಿಂದ ಪ್ರತಿ ಸಲ ಅಕ್ಕ ಅವರ ಸೊಂಟಕ್ಕೆ ತಕ್ಕ ದಿಂಬು ಸೇರಿಸಿ ಸೀಟು ಕಟ್ಟುತ್ತಾರೆ. ಮಂಡಿಯೂ ಹಿಡಿದುಕೊಳ್ಳುತ್ತಿರುವುದರಿಂದ ಈ ಸಲ ಅವರಿಗೆ ಎದುರು ಕಡೆಯ ಎರಡನೇ ಸಾಲಿನಲ್ಲಿ, ನಡುದಾರಿಯ ಪಕ್ಕ ಕೊಟ್ಟಿದ್ದಾರೆ. ಸಭಾಧ್ಯಕ್ಷರ ಪೀಠಕ್ಕೆ ನೇರ.

“ಈ ಸಲ ತೀರಾ ಮೆತ್ತಗೆ ಮಾಡ್ಬೇಡಮ್ಮ,” ಎನ್ನುತ್ತಾರೆ ದೊಡ್ಡಪ್ಪ, ಮಾದರಿ ಸೀಟಿನಲ್ಲಿ ಕೂತು. “ಹೋದ ಸಲ ಬಜೆಟ್ ಓದೋವಾಗ ಗೊರಕೆ ಹೊಡೆದೆ. ಪೇಪರಲ್ಲಿ ಫೋಟೋ ಬಂತು, ಬಾಯಿ ತೆರ್ಕೊಂಡಿರೋದು. ಮೊಮ್ಮಗಳು ಅದನ್ನ ಫ್ರೇಮ್ ಹಾಕಿಸಿ ಇಟ್ಟಿದ್ದಾಳೆ, ಮನೆಹಾಳಿ.”

ಅಕ್ಕ ಅವರ ಬೆನ್ನ ಹಿಂದೆ ಫೋಮು ಒತ್ತಿ ಅಳತೆ ನೋಡುತ್ತಿದ್ದಾರೆ. “ಫೋಟೋದೋರಿಗೆ ಕಾಣದ ಜಾಗ ಒಂದಿದೆ ದೊಡ್ಡಪ್ಪಾ.”

“ಎಲ್ಲಮ್ಮ?”

“ಕೊನೇ ಸಾಲು, ಕಂಬದ ಹಿಂದೆ. ತಣ್ಣಗಿರುತ್ತೆ. ಪಕ್ಕದಲ್ಲೇ ಬಾಗಿಲು, ಎದ್ದು ಹೋದ್ರೂ ಗೊತ್ತಾಗಲ್ಲ. ಮಂಡಿಗೂ ಒಳ್ಳೇದು, ಮೆಟ್ಟಿಲೇ ಇಲ್ಲ. ಕಾಲು ಚಾಚೋಕೆ ಜಾಗ ಬೇರೆ.”

ದೊಡ್ಡಪ್ಪನ ಕಣ್ಣು ಅರಳುತ್ತದೆ, ಮರುಗಳಿಗೆ ಕಿರಿದಾಗುತ್ತದೆ. ರಾಜಕಾರಣದಲ್ಲಿ ನರೆತ ತಲೆ ಅದು. “ಅಲ್ಲೀಗ ಯಾರಿದ್ದಾರೆ?”

“ಟೀಚರಮ್ಮ.”

“ಓಹೋ.” ದೊಡ್ಡಪ್ಪ ಹಿಂದಕ್ಕೆ ತಿರುಗಿ ಅಕ್ಕನ ಮುಖ ನೋಡುತ್ತಾರೆ. “ಆಯಮ್ಮ ಮಾತು ಶುರು ಮಾಡಿದ್ರೆ ನಮ್ಮೋರಿಗೆ ಊಟದ ಬಿಡುವೂ ಸಿಗಲ್ಲ, ಗೊತ್ತಾ ನಿಂಗೆ?”

“ನಂಗೇನು ಗೊತ್ತು ದೊಡ್ಡಪ್ಪಾ. ನಂಗೆ ಗೊತ್ತಿರೋದು ನಿಮ್ಮ ಬೆನ್ನು.”

ದೊಡ್ಡಪ್ಪ ಜೋರಾಗಿ ನಗುತ್ತಾರೆ, ನಗು ಕೆಮ್ಮಾಗುತ್ತದೆ, ಅಕ್ಕ ನೀರು ಕೊಡುತ್ತಾರೆ. “ಕಿಲಾಡಿ ನೀನು. ಆಗ್ಲಿ. ನಾವು ಇಷ್ಟು ಜನ ಇದ್ದೀವಿ, ನಾನೊಬ್ಬ ಮಲಗಿದ್ರೆ ಸರ್ಕಾರ ಬೀಳಲ್ಲ. ಎದುರು ಯಾರೂ ಏನೂ ಅನ್ನದೇ ಇದ್ರೆ ನಂಗೆ ನಿದ್ದೆನೂ ಚೆನ್ನಾಗಿ ಬರಲ್ಲ, ಅಭ್ಯಾಸ ನೋಡು.” ಹೊರಡುವಾಗ ಬಾಗಿಲಲ್ಲಿ ನಿಂತು, ಮಂಡಿಯ ಕಾರಣ ಹೇಳಿ ಎರಡು ಸೀಟಿನ ಜಾಗ ಅದಲುಬದಲು ಮಾಡಿಕೊಡಿ ಎಂದು ಕಾರ್ಯದರ್ಶಿಗಳನ್ನು ತಾವೇ ಕೇಳುವುದಾಗಿ ಮಾತು ಕೊಡುತ್ತಾರೆ. ಅಕ್ಕನ ಹೆಸರು ಎಲ್ಲೂ ಬರುವುದಿಲ್ಲ.

ಕೇಳಿದರೇನು, ಒಪ್ಪಬೇಕಲ್ಲ. ಅಧಿವೇಶನಕ್ಕೆ ಎರಡೇ ದಿನ ಉಳಿದಾಗಲೂ ಮೇಲಿನಿಂದ ಸುದ್ದಿಯಿಲ್ಲ. ಹಸಿರು ಸೀಟುಗಳೆಲ್ಲ ಜಾಗ ಸೇರಿವೆ. ಎರಡು ಚೌಕಟ್ಟು ಮಾತ್ರ ಬಟ್ಟೆಯಿಲ್ಲದೆ ಮೇಜಿನ ಮೇಲಿವೆ: ಒಂದು ದೊಡ್ಡಪ್ಪನದು, ಒಂದು ಟೀಚರಮ್ಮನದು. ಯಾವ ಜಾಗಕ್ಕೆ ಯಾವ ಬಣ್ಣವೆಂದು ಗೊತ್ತಾಗದೆ ಹೊದಿಸುವಂತಿಲ್ಲ. ಅಕ್ಕ ನೆಲ ಗುಡಿಸುತ್ತಾರೆ, ಕತ್ತರಿ ಮಸೆಯುತ್ತಾರೆ, ಗುಡಿಸಿದ ನೆಲವನ್ನೇ ಮತ್ತೆ ಗುಡಿಸುತ್ತಾರೆ. ಬಾಯಿಗೆ ಹಾಕಿಕೊಂಡ ಮೊಳೆಗಳಿಗೆ ಹೊಡೆಯಲು ಸೀಟಿಲ್ಲ.

ಮಧ್ಯಾಹ್ನ ಸೂಪರ್‌ವೈಸರ್ ಬಾಗಿಲಲ್ಲಿ ಕಾಣಿಸಿಕೊಳ್ಳುತ್ತಾರೆ. ಒಳಗೆ ಬರುವುದಿಲ್ಲ. “ಅಕ್ಕಾ, ಬಾಯಿ ಖಾಲಿ ಇದ್ಯಾ?”

“ಊಹೂಂ.”

“ಖಾಲಿ ಮಾಡ್ಕೊಳ್ಳಿ. ಒಪ್ಪಿಗೆ ಬಂತು. ಎರಡನೇ ಸಾಲು, ನಡುದಾರಿ ಪಕ್ಕ, ಕಂದು.”

ಅಕ್ಕ ಮೊಳೆ ಉಗುಳುವುದಿಲ್ಲ. ತಲೆಯಾಡಿಸಿ, ಕಂದು ಬಟ್ಟೆ ಎಳೆದುಕೊಂಡು, ಟಕ್ ಎಂದು ಮೊದಲ ಮೊಳೆ ಹೊಡೆಯುತ್ತಾರೆ. ಸೂಪರ್‌ವೈಸರ್ ಅಲ್ಲೇ ಸ್ಟೂಲಿನ ಮೇಲೆ ಕೂತು, ಹೇಳದೇ ಕೇಳದೇ ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಳ್ಳುತ್ತಾರೆ. ಯಾರೂ ಕೇಳಿಲ್ಲದಿದ್ದರೂ, “ನಂಗೂ ಆಯಮ್ಮ ಪಾಠ ಮಾಡಿದ್ದಾರೆ, ಐದನೇ ಕ್ಲಾಸಲ್ಲಿ,” ಎನ್ನುತ್ತಾರೆ.

ಅಧಿವೇಶನದ ಹಿಂದಿನ ಸಂಜೆ ಟೀಚರಮ್ಮ ತಮ್ಮ ಸೀಟು ನೋಡಲು ಬರುತ್ತಾರೆ. ಗಿಡ್ಡ ಮೈಕಟ್ಟು, ಕೈಯಲ್ಲಿ ಬಟ್ಟೆಯ ಚೀಲ, ಮೂಗಿನ ತುದಿಯಲ್ಲಿ ಕನ್ನಡಕ. “ನನಗೆ ಹೇಳಿದ್ದು ಬೇರೆ ಜಾಗ,” ಎಂದು ಸುತ್ತ ನೋಡುತ್ತಾರೆ. “ಇಷ್ಟು ವರ್ಷ ಮುಂದೆ ನಿಂತು ಹಿಂದಿನ ಬೆಂಚು ಕಾಯ್ದೋಳು ನಾನು. ಕೊನೆಗೂ ನನ್ನನ್ನ ಹಿಂದಿನ ಬೆಂಚಿಗೆ ಹಾಕಿದ್ರಲ್ಲಪ್ಪ ಅಂದ್ಕೊಂಡಿದ್ದೆ.”

“ಬದಲಾಯ್ತು ಟೀಚರಮ್ಮ. ಕೂತು ನೋಡಿ.”

ಟೀಚರಮ್ಮ ಕೂರುತ್ತಾರೆ. ಮುಂದಿನ ಮೇಜು ಎದೆಮಟ್ಟಕ್ಕೆ ಬರುತ್ತದೆ. ಅಕ್ಕ ಎರಡು ಬೆರಳಿನಷ್ಟು ಫೋಮು ಸೇರಿಸುತ್ತಾರೆ. ಮತ್ತೆ ಕೂರಿಸುತ್ತಾರೆ, ಏಳಿಸುತ್ತಾರೆ. ಆಮೇಲೆ, ಬಟ್ಟೆ ಅಂಗಡಿಯಲ್ಲಿ ಅಂಚು ಬೇಕೇ ಬೇಡವೇ ಎಂದು ಕೇಳುವಷ್ಟೇ ಸಹಜವಾಗಿ ಕೇಳುತ್ತಾರೆ: “ಸದ್ದು ಇರ್ಲಾ, ಬೇಡ್ವಾ?”

ಹಸಿರು ಸೀಟುಗಳ ಹಿಂದೆ ಉಣ್ಣೆಯ ಪಟ್ಟಿ ಅಂಟಿಸಿರುತ್ತಾರೆ, ಮಡಚಿಕೊಂಡಾಗ ಸದ್ದಾಗದಂತೆ. ಕಂದು ಸೀಟುಗಳಿಗೆ ಅದಿಲ್ಲ. ಎದುರು ಪಕ್ಷದವರು ಸಿಟ್ಟಿಗೆದ್ದು ಒಟ್ಟಿಗೇ ಸಭಾತ್ಯಾಗ ಮಾಡಿದಾಗ ಸೀಟುಗಳೆಲ್ಲ ಧಡಧಡನೆ ಬಡಿದುಕೊಳ್ಳಬೇಕು. ಪಟ್ಟಿ ಹಾಕಬೇಡಿ ಎಂದು ಅವರೇ ಹಿಂದೊಮ್ಮೆ ಕೇಳಿಕೊಂಡಿದ್ದರಂತೆ. ಟೀಚರಮ್ಮನಿಗೆ ಇದು ಹೊಸ ಸುದ್ದಿ. ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಾರೆ.

“ಒಬ್ಬಳೇ ಎದ್ದು ಹೋಗೋದು. ಸ್ವಲ್ಪ ಸದ್ದು ಇರ್ಲಿ ಬಿಡಿ.” ಬಾಗಿಲವರೆಗೆ ಹೋಗಿ ಹಿಂದಿರುಗಿ, “ತೀರಾ ಜೋರು ಬೇಡ. ನಾನೇ ಬೆಚ್ಚಿಬಿದ್ದೇನು,” ಎನ್ನುತ್ತಾರೆ.

ಅಕ್ಕ ಅರ್ಧ ಪಟ್ಟಿ ಅಂಟಿಸುತ್ತಾರೆ.

ಇಷ್ಟು ವರ್ಷ ಸೀಟು ಕಟ್ಟಿದರೂ ಕುಶನ್ ಅಕ್ಕ ಸಭೆ ತುಂಬಿದ್ದನ್ನು ಒಮ್ಮೆಯೂ ನೋಡಿರಲಿಲ್ಲ. ಜನ ಬಂದಾಗ ಅವರ ಕೆಲಸ ಮುಗಿದಿರುತ್ತದೆ. ಈ ಸಲ ಸೂಪರ್‌ವೈಸರೇ ಎರಡು ಪಾಸು ತಂದುಕೊಟ್ಟಿದ್ದಾರೆ. ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎಡಗೈಯಲ್ಲಿ ಹೆಂಡತಿಯ ತೋಳು ಹಿಡಿದು ಮೆಟ್ಟಿಲೇರುತ್ತಾರೆ. ಪ್ರೇಕ್ಷಕರ ಗ್ಯಾಲರಿಯ ಮರದ ಬೆಂಚಿನಲ್ಲಿ ಅವರಿಬ್ಬರೂ ನಾನೂ ಒತ್ತಿಕೊಂಡು ಕೂರುತ್ತೇವೆ. ಕೆಳಗೆ ಹಸಿರೋ ಹಸಿರು, ನಡುವೆ ಎಲ್ಲೋ ಒಂದು ಕಂದು ಚುಕ್ಕೆ. ಅದೂ ಟೀಚರಮ್ಮ ಬಂದು ಕೂತ ಮೇಲೆ ಕಾಣದಾಗುತ್ತದೆ. “ಆ ಮೂರನೇ ಸಾಲಿನೋನು ಒಂದೇ ಕಡೆ ಭಾರ ಹಾಕ್ತಿದ್ದಾನೆ, ಸ್ಪ್ರಿಂಗು ಹೋಗುತ್ತೆ,” ಎಂದು ಯಜಮಾನರು ಗೊಣಗುತ್ತಾರೆ. “ಸುಮ್ನಿರಿ,” ಎನ್ನುತ್ತಾರೆ ಅಕ್ಕ. ಅವರೂ ಅದನ್ನೇ ನೋಡುತ್ತಿದ್ದರು.

ಪ್ರಮಾಣ, ಅಭಿನಂದನೆ, ಚಪ್ಪಾಳೆ. ಆಳುವ ಪಕ್ಷದ ಹಲವರು ಮಾತಾಡುತ್ತಾರೆ, ಎಲ್ಲರೂ ಸಂತೋಷವಾಗಿದ್ದಾರೆ. ಕಂಬದ ಹಿಂದಿನಿಂದ ಒಂದು ಹಾಯಾದ ಗೊರಕೆ ಆಗಾಗ ಕೇಳಿಬರುತ್ತದೆ. ಊಟದ ಬಿಡುವಿಗೆ ಸ್ವಲ್ಪ ಮೊದಲು ಟೀಚರಮ್ಮ ಎದ್ದು ನಿಲ್ಲುತ್ತಾರೆ. ಅಕ್ಕನ ಕೈ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಎರಡನೇ ಸಾಲಿನ ಆ ಗಿಡ್ಡ ಆಕೃತಿಯ ಮೇಲೆ ಸಭಾಧ್ಯಕ್ಷರ ಕಣ್ಣು ಬೀಳುತ್ತದೆ. ಕೈ ಮುಂದೆ ಚಾಚಿ, “ಮಾನ್ಯ ಸದಸ್ಯರು ಮಾತಾಡಬಹುದು,” ಎನ್ನುತ್ತಾರೆ. ಸಭೆಯಲ್ಲಿ ಗದ್ದಲವಿಲ್ಲ. ಟೀಚರಮ್ಮ ಚೀಲದಿಂದ ಹಾಳೆ ತೆಗೆದು, ಕನ್ನಡಕ ಸರಿಮಾಡಿಕೊಂಡು, ತಮ್ಮ ಕಡೆಯ ಹಳ್ಳಿಗಳಿಗೆ ಬೇಕಾದ ಆಸ್ಪತ್ರೆಯ ವಿಷಯ ಎತ್ತುತ್ತಾರೆ.

ಹೊರಗೆ ಬಂದ ಮೇಲೆ, ಟೀಚರಮ್ಮ ಹೇಗೆ ಮಾತಾಡಿದರು ಎಂದು ಅಕ್ಕನನ್ನು ಕೇಳುತ್ತೇನೆ.

“ಚೆನ್ನಾಗೇ ಮಾತಾಡಿರ್ಬೇಕು. ನಾನು ಕೇಳಿಸ್ಕೊಳ್ಳಲಿಲ್ಲಮ್ಮ. ಸಭಾಧ್ಯಕ್ಷರ ಮುಖಾನೇ ನೋಡ್ತಾ ಕೂತಿದ್ದೆ. ಮುಗಿಯೋವರೆಗೂ ಅವರ ಕಣ್ಣು ಅಲ್ಲೇ ಇತ್ತು.” ಸೊಂಟದ ಮೇಲೆ ಕೈಯಿಟ್ಟು, ಮೆಟ್ಟಿಲ ಬಳಿ ಯಜಮಾನರಿಗಾಗಿ ನಿಲ್ಲುತ್ತಾರೆ. ಸ್ವಲ್ಪ ಸಂಕೋಚದಿಂದಲೇ ಮುಂದುವರಿಸುತ್ತಾರೆ: “ಪೇಪರಲ್ಲಿ ಬರೆಯೋದಾದ್ರೆ ಒಂದು ಮಾತು ಹಾಕ್ತೀರಾ? ಆ ಮೇಲಿನ ಬೆಂಚು ಬರೀ ಹಲಗೆ, ಬೆನ್ನು ಬಿದ್ದೇ ಹೋಯ್ತು. ಹೇಳಿದ್ರೆ ಅದಕ್ಕೂ ಕುಶನ್ ಹಾಕಿಕೊಡ್ತೀನಿ. ಕತ್ತರಿಸಿಟ್ಟ ಕಂದು ಬಟ್ಟೆ ಅಷ್ಟೂ ಹಂಗೇ ಇದೆ.”